ಊರಗನ್ನಡಿ ಓದದ ಬಡಾವಣೆ

“ಎಚ್ಚರಿಕೆ ಕೇಂದ್ರದ ಮೇಲೆ ನನಗೆ ಪೂರ್ತಿ ನಂಬಿಕೆ ಅಂತ ನಾನು ಹೇಳಿದ್ನಾ? ಯಾರ್ರೀ ನಿಮಗೆ ಹಾಗಂದಿದ್ದು?”

ನಾನು ರಿಸೀವರನ್ನು ಕಿವಿಯಿಂದ ದೂರ ಹಿಡಿದೆ. ಮುದುಕರ ಕೂಗು ಇಡೀ ಕಚೇರಿಗೆ ಕೇಳಿಸುತ್ತಿತ್ತು.

“ಹೋದ ವರ್ಷ ಹೊಳೆ ಮನೆಯೊಳಗೆ ಬಂದು ಮಂಚ ತೇಲಾಡೋಕೆ ಶುರುವಾದ ಮೇಲೆ ಅವರ ಸೈರನ್ ಕೂಗಿತು! ಅದನ್ನ ನಂಬಿಕೊಂಡು ಕೂತಿದ್ರೆ ಇವತ್ತು ನಿಮ್ಮ ಫೋನ್ ಎತ್ತೋಕೆ ನಾನು ಇರ್ತಿರಲಿಲ್ಲ!”

ನನ್ನೆದುರಿನ ಪರದೆ ನೋಡಿದೆ. ಆ ಮುದುಕರ ಹೆಸರಿನ ಮುಂದೆ, ಎಚ್ಚರಿಕೆ ಕೇಂದ್ರದ ಪ್ರಶ್ನೆಗೆ, ಐದು ಎಂದಿತ್ತು. ಅಂದರೆ ಪೂರ್ತಿ ನಂಬಿಕೆ.

ಬರೆದ ಉತ್ತರ ಸರಿಯಿದೆಯೇ ಎಂದು ಪರೀಕ್ಷಿಸಲು ಎರಡನೆಯ ಮನೆಗೂ ಫೋನ್ ಮಾಡಿದೆ. ಮೂರನೆಯದಕ್ಕೆ ಮಾಡಿದೆ. ಎಲ್ಲ ಕಡೆಯೂ ಅದೇ ಕಥೆ – ಪರದೆಯ ಮೇಲೆ ನಾಲ್ಕು, ಐದು, ಫೋನಿನಲ್ಲಿ ಬೈಗುಳ.

ನಮ್ಮ ಕಚೇರಿಯ ಕೆಲಸವೇ ನಂಬಿಕೆ ಅಳೆಯುವುದು. ಆಸ್ಪತ್ರೆ, ಪೊಲೀಸು, ಪತ್ರಿಕೆ, ರೇಡಿಯೊ, ಪಕ್ಕದ ಮನೆಯವರು – ಯಾರನ್ನು ಎಷ್ಟು ನಂಬುತ್ತೀರಿ ಎಂದು ಮನೆಮನೆಗೆ ಹೋಗಿ ಕೇಳುತ್ತೇವೆ. ಸ್ವಲ್ಪವೂ ಇಲ್ಲ ಎಂದರೆ ಒಂದು, ಪೂರ್ತಿ ಎಂದರೆ ಐದು. ಪ್ರಶ್ನೆ ಬರೆಯುವವನು ನಾನು. ಈ ಸಲ ಕೆಲಸ ಕೊಟ್ಟಿದ್ದು ಪ್ರವಾಹದ ಎಚ್ಚರಿಕೆ ಕೇಂದ್ರ. ಹೊಳೆ ಉಕ್ಕಿದಾಗ ಜನ ಯಾರ ಮಾತು ಕೇಳಿ ಮನೆ ಬಿಟ್ಟು ಹೊರಡುತ್ತಾರೆ? ಕೇಂದ್ರದ ಸೈರನ್ನೋ, ರೇಡಿಯೊನೋ, ಆರೋಗ್ಯ ಕೇಂದ್ರದ ನರ್ಸೋ? ನಮ್ಮ ಉತ್ತರ ತಪ್ಪಾದರೆ ಮುಂದಿನ ಮಳೆಗಾಲದಲ್ಲಿ ಮುಳುಗುವವರು ಹೊಳೆದಂಡೆ ಬಡಾವಣೆಯವರು. ಈಗ ತಪ್ಪಾಗಿದ್ದು ಅದೇ ಬಡಾವಣೆಯ ಉತ್ತರ.

ನಿರ್ದೇಶಕರ ಕೋಣೆಗೆ ಹೋಗಿ ಹೇಳಿದೆ. ಅವರು ಕುರ್ಚಿಗೆ ಒರಗಿಯೇ ಕೇಳಿಸಿಕೊಂಡರು.

“ಹೊಳೆದಂಡೆಗೆ ಹೋಗಿದ್ದು ಯಾರು?”

“ಪೆನ್ಸಿಲ್, ಸರ್.”

“ಇನ್ನೇನು ಮತ್ತೆ? ಮನೆಯಲ್ಲಿ ಕೂತು ತುಂಬಿದ್ದಾಳೆ. ನಾಲ್ಕು ಗಂಟೆಗೆ ವಿಚಾರಣೆ ಇಡೋಣ. ಸಂಜೆಗೆ ಕೆಲಸದಿಂದ ತೆಗೆದುಹಾಕೋಣ. ಮತ್ತೆ ಆ ಬಡಾವಣೆಯನ್ನೇ ವರದಿಯಿಂದ ಕೈಬಿಡಿ.”

“ಪೂರ್ತಿ ಕೈಬಿಡೋದಾ, ಸರ್?”

“ಕೊಳೆತ ಹಣ್ಣನ್ನ ಬುಟ್ಟಿಯಲ್ಲಿ ಇಟ್ಕೊಳ್ತೀರಾ?”

ಇಪ್ಪತ್ತು ವರ್ಷ ಅವರ ಕೈಕೆಳಗೆ ದುಡಿದಿದ್ದೇನೆ. ಅವರು ಹೇಳಿದ್ದರಲ್ಲಿ ಎರಡು ಮಾತಿರುತ್ತಿರಲಿಲ್ಲ. ತಲೆಯಾಡಿಸಿ ಹೊರಟೆ. ಬಾಗಿಲ ಬಳಿ ಅವರೇ ಮತ್ತೆ ಕರೆದರು.

“ನಿಯಮದ ಪ್ರಕಾರ ವಿಚಾರಣೆಯಲ್ಲಿ ಹೊರಗಿನವರೊಬ್ಬರು ಇರಬೇಕು. ನಿಮ್ಮ ಕಡೆ ಯಾರಾದ್ರೂ ಇದ್ದಾರಾ? ಹೆಸರಿಗೊಬ್ಬರು ಕೂತರೆ ಸಾಕು.”

“ನಮ್ಮ ಅತ್ತಿಗೆ ಇದ್ದಾರೆ. ನಿವೃತ್ತರು.”

“ಆಗಬಹುದು, ಕರೆಸಿ.”

ಯಾವ ಕೆಲಸದಿಂದ ನಿವೃತ್ತರು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮ ಅತ್ತಿಗೆ ವಿಮಾ ಕಂಪನಿಯಲ್ಲಿ ಜೀವಮಾನವೆಲ್ಲ ಸುಳ್ಳು ಹಿಡಿದವರು. ಸುಡದ ಅಂಗಡಿ ಸುಟ್ಟಿತೆಂದವರು, ಸಾಯದ ಅಣ್ಣ ಸತ್ತನೆಂದವರು – ಎಷ್ಟೋ ಜನರಿಗೆ ಅವರ ಮುಂದೆ ಗಂಟಲು ಒಣಗಿದೆ. ಮನೆಯಲ್ಲಿ ನಮಗೂ ಅಷ್ಟೆ.

ಪೆನ್ಸಿಲ್ ಮೆಟ್ಟಿಲ ಕೆಳಗೆ ಕೂತಿದ್ದಳು. ಮುಡಿಗೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆಂದು ಆ ಹೆಸರು. ಗಂಡ ಇಲ್ಲ; ಅತ್ತೆ, ಮಗಳು ಇವಳ ದುಡಿಮೆಯ ಮೇಲೆಯೇ ಇದ್ದಾರೆ. ಸುಳ್ಳು ತುಂಬಿದವಳೆಂದು ಒಮ್ಮೆ ಗುಲ್ಲೆದ್ದರೆ ಬೇರೆ ಯಾವ ಸರ್ವೆ ಕಚೇರಿಯೂ ಅವಳನ್ನು ಬಾಗಿಲ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

“ಸರ್, ನಾನು ಪ್ರತಿ ಮನೆಗೂ ಹೋಗಿದ್ದೀನಿ. ಆ ಅಜ್ಜನ ಮನೆಯಲ್ಲಿ ಎರಡು ಲೋಟ ಟೀ ಕುಡಿದಿದ್ದೀನಿ. ಎಚ್ಚರಿಕೆ ಕೇಂದ್ರಕ್ಕೆ ಅವರು ಒಂದು ಅಂದ್ರು, ನಾನು ಒಂದೇ ಒತ್ತಿದ್ದು.” ಅವಳು ಎದ್ದು ನಿಂತಳು. “ನಂಬಿಕೆ ಅಳೆಯೋ ಆಫೀಸಲ್ಲಿ ನನ್ನನ್ನ ನಂಬೋರು ಒಬ್ಬರೂ ಇಲ್ವಾ?”

ಫೋನ್ ಮಾಡಿ ಈ ಗೂಬೆಯನ್ನು ಅವಳ ತಲೆಗೆ ಕೂರಿಸಿದವನು ನಾನೇ. ನನಗೆ ಮುಖ ಎತ್ತಲಾಗಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆಯೇ ಅತ್ತಿಗೆ ಬಂದರು. ಕೈಚೀಲದಿಂದ ಕಿತ್ತಳೆ ತೆಗೆದು, ನನ್ನ ಮೇಜಿನ ಮೂಲೆಯಲ್ಲಿ ಕೂತು, ಸುಲಿಯತೊಡಗಿದರು. ಪೆನ್ಸಿಲ್‌ಗೆ ಅರ್ಧ ಕೊಟ್ಟರು.

“ಮೊದಲು ತಿನ್ನಮ್ಮ. ಹಸಿದ ಹೊಟ್ಟೆಯಲ್ಲಿ ಅಳಬಾರದು. ಉತ್ತರ ತುಂಬೋದು ಎಲ್ಲಿ?”

“ಈ ಟ್ಯಾಬಲ್ಲಿ, ಅಮ್ಮ.”

“ಮನೆಗೆ ತಗೊಂಡು ಹೋಗ್ತೀಯಾ?”

“ಇಲ್ಲ. ಶನಿವಾರ ಮಧ್ಯಾಹ್ನ ಕೆಲಸ ಮುಗೀತು, ಮೇಲ್ವಿಚಾರಕರಿಗೆ ಒಪ್ಪಿಸಿದೆ. ಸೋಮವಾರ ಬೆಳಗ್ಗೆ ಅವರು ಆಫೀಸಿನ ಕಂಪ್ಯೂಟರಿಗೆ ಕಳಿಸಿದ್ರು.”

“ಭಾನುವಾರ?”

“ಕಪಾಟಲ್ಲಿ ಇತ್ತು.”

ಮೇಲ್ವಿಚಾರಕನನ್ನು ಕರೆಸಿದೆವು. ದಪ್ಪ ಮನುಷ್ಯ, ಮಾತಾಡುವ ಮೊದಲೇ ಬೆವರುವವನು.

“ಕಪಾಟಿನ ಬೀಗದಕೈ ಯಾರ ಹತ್ತಿರ ಇರುತ್ತಪ್ಪ?”

“ನನ್ನ ಹತ್ತಿರಾನೇ, ಮೇಡಂ.”

“ಜೇಬಲ್ಲಾ?”

ಅವನು ಗೋಡೆಯ ಕಡೆ ಕೈ ತೋರಿಸಿದ. “ಕ್ಯಾಲೆಂಡರಿನ ಹಿಂದೆ, ಮೊಳೆಗೆ.”

“ಯಾರಿಗೆಲ್ಲ ಗೊತ್ತು?”

“ಗುಡಿಸೋರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಗೊತ್ತು, ಮೇಡಂ. ಕಳೆದುಹೋಗಬಾರದು ಅಂತ ನಾನೇ ಹೇಳಿಟ್ಟಿದ್ದೀನಿ.”

“ಭಲೇ!” ಎಂದರು ಅತ್ತಿಗೆ. “ಮನೆ ಬೀಗಾನೂ ಹೀಗೇನಾ?”

ಅವನು ಹೋದ ಮೇಲೆ ನನ್ನ ಕಡೆ ತಿರುಗಿದರು. “ಟ್ಯಾಬಲ್ಲಿ ಬರೀ ಎಚ್ಚರಿಕೆ ಕೇಂದ್ರದ ಉತ್ತರ ಒಂದನ್ನೇ ತಿದ್ದಬಹುದಾ?”

“ಆಗಲ್ಲ, ಅತ್ತಿಗೆ. ಮುಗಿದ ಸಂದರ್ಶನಕ್ಕೆ ಬೀಗ ಬೀಳುತ್ತೆ. ಪೂರ್ತಿ ಅಳಿಸಿ, ಮೊದಲ ಪ್ರಶ್ನೆಯಿಂದ ಮತ್ತೆ ತುಂಬಬೇಕು.”

“ಅರವತ್ತು ಚಿಲ್ಲರೆ ಮನೆ! ಭಾನುವಾರ ಇಡೀ ದಿನ ಯಾರೋ ಕೂತು ಕಾಗೆ ಹಾರಿಸಿದ್ದಾರೆ ಅನ್ನು. ತಾರೀಕು?”

“ಟ್ಯಾಬಿನ ತಾರೀಕು ಹಿಂದಕ್ಕೆ ತಿರುಗಿಸೋದು ಮಕ್ಕಳಿಗೂ ಗೊತ್ತು.”

“ನೀನು ಭಾನುವಾರ ಎಲ್ಲಿದ್ದೆ?”

“ನಿಮ್ಮ ಮನೆಯಲ್ಲೇ, ಹಲ್ಲುನೋವು ಅಂತ...”

“ಹೌದಲ್ಲ, ಮನೆ ಹಾರಿಹೋಗೋ ಹಾಗೆ ನರಳ್ತಿದ್ದೆ. ಬದುಕಿಕೊಂಡೆ ಬಿಡು, ಮೈದುನ.”

ಅವರು ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಮನೆಯ ಉತ್ತರ ನೋಡುತ್ತ ಹೋದರು. ನನಗೆ ಗಡಿಯಾರದ ಮುಳ್ಳು ಓಡುತ್ತಿರುವಂತೆ ಕಾಣುತ್ತಿತ್ತು. ಆಮೇಲೆ ಒಂದು ಕಡೆ ಅವರ ಬೆರಳು ನಿಂತಿತು.

“ಪೊಲೀಸರಿಗೆ ಎರಡು, ಮೂರು, ನಾಲ್ಕು – ಬೇರೆಬೇರೆ ಇದೆ. ಆಸ್ಪತ್ರೆಗೂ ಹಾಗೇ. ತುಂಬಿದವರು ದಡ್ಡರಲ್ಲ. ಅದಿರಲಿ, ಇದೇನಿದು – ‘ಊರಗನ್ನಡಿ ಪತ್ರಿಕೆ’? ನಾನು ಯಾವ ಅಂಗಡಿಯಲ್ಲೂ ನೋಡಿಲ್ವಲ್ಲ?”

ಪೆನ್ಸಿಲ್ ನೀರು ಕುಡಿಯಲು ಹೋಗಿದ್ದಳು. ನಾನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದೆ.

“ಅದು ಇಲ್ಲ, ಅತ್ತಿಗೆ.”

“ಮುಚ್ಚಿಹೋಯ್ತಾ?”

“ಹುಟ್ಟೇ ಇಲ್ಲ. ನಾವೇ ಕಟ್ಟಿದ ಹೆಸರು. ಜನ ಯೋಚನೆ ಮಾಡಿ ಉತ್ತರ ಕೊಡ್ತಾರಾ, ಸುಮ್ಮನೆ ನಂಬರ್ ಒದರ್ತಾರಾ ಅಂತ ನೋಡೋಕೆ ಇಲ್ಲದ ಪತ್ರಿಕೆಯನ್ನ ಮಧ್ಯೆ ತೂರಿಸ್ತೀವಿ. ಆ ಹೆಸರೇ ಕೇಳಿಲ್ಲ ಅಂದ್ರೆ ಸರಿ. ನಾಲ್ಕು, ಐದು ಅಂದ್ರೆ ಬಲೆಗೆ ಬಿದ್ದ ಹಾಗೆ.”

“ಇವಳಿಗೆ ಗೊತ್ತಾ?”

“ಕೇಳೋಕೆ ಹೋಗೋರಿಗೆ ಹೇಳಲ್ಲ. ಮೇಲ್ವಿಚಾರಕನಿಗೂ ಗೊತ್ತಿಲ್ಲ. ಗೊತ್ತಿದ್ರೆ ಕೇಳುವಾಗ ಮುಖದಲ್ಲಿ ನಗು ಬಂದುಬಿಡುತ್ತೆ. ಗೊತ್ತಿರೋದು ನನಗೆ, ನಿರ್ದೇಶಕರಿಗೆ, ಅಂಕಿಅಂಶದ ಮೇಷ್ಟ್ರಿಗೆ – ಅಷ್ಟೇ.”

“ಬಲೆಗೆ ಬೀಳೋರು ಇರ್ತಾರಾ?”

“ಎಲ್ಲ ಕಡೆ ಇರ್ತಾರೆ. ಮೇಷ್ಟ್ರು ಹೇಳ್ತಾರೆ, ಹೆಚ್ಚುಕಡಿಮೆ ಎಂಟು ಜನಕ್ಕೆ ಒಬ್ಬರು ಅಂತ. ಅದರ ಮೇಲೆ ಅವರಿಗೂ ನಿರ್ದೇಶಕರಿಗೂ ಜಗಳ ಇದ್ದೇ ಇದೆ. ಇಲ್ಲದ್ದನ್ನ ನಂಬೋರು ಸುಳ್ಳುಗಾರರು, ಅವರ ಇಡೀ ಸಂದರ್ಶನ ಕಸದಬುಟ್ಟಿಗೆ ಹಾಕಿ ಅಂತ ನಿರ್ದೇಶಕರು. ಅವರು ಸುಳ್ಳುಗಾರರಲ್ಲ, ಮನೆಗೆ ಬಂದೋರ ಮುಂದೆ ‘ಗೊತ್ತಿಲ್ಲ’ ಅನ್ನೋಕೆ ನಾಚೋರು ಅಂತ ಮೇಷ್ಟ್ರು. ಗೆದ್ದಿದ್ದು ನಿರ್ದೇಶಕರೇ. ಅಂಥವರನ್ನ ಅವರೇ ತೆಗೆದುಹಾಕಿ, ಉಳಿದಿದ್ದನ್ನ ಮೇಷ್ಟ್ರಿಗೆ ಕೊಡ್ತಾರೆ.”

ಅತ್ತಿಗೆ ಕಿತ್ತಳೆಯ ಕೊನೆಯ ತೊಳೆಯನ್ನು ಬಾಯಿಗೆ ಹಾಕಿಕೊಂಡರು. ಅವರ ಕಣ್ಣು ಕಿರಿದಾಗಿತ್ತು. ಆ ಕಣ್ಣು ನನಗೆ ಚೆನ್ನಾಗಿ ಗೊತ್ತು. ಬಾಲ್ಯದಲ್ಲಿ ಸಕ್ಕರೆ ಡಬ್ಬಿಯ ವಿಷಯದಲ್ಲಿ ನೋಡಿದ್ದೇನೆ.

“ಇವಳು ಬೇರೆ ಎಲ್ಲಿಗೆ ಹೋಗಿದ್ದಳು?”

“ಬಜಾರಿನ ಬೀದಿಗೆ. ಅದೂ ಇದೇ ಟ್ಯಾಬಲ್ಲಿದೆ. ಅದನ್ನ ಅವತ್ತವತ್ತೇ ಆಫೀಸಿಗೆ ಕಳಿಸಿ ಆಗಿತ್ತು. ಹೊಳೆದಂಡೆಯಲ್ಲಿ ಇಂಟರ್ನೆಟ್ ಸಿಗಲ್ಲ, ಅಲ್ಲಿಯದು ಮಾತ್ರ ಕೊನೆಗೆ ಒಟ್ಟಿಗೆ ಹೋಯ್ತು.”

ಅದನ್ನೂ ನೋಡಿದರು. ಆಮೇಲೆ ಎದ್ದರು. “ನಡಿ, ಹೊಳೆದಂಡೆಗೆ. ಆ ಬೈಯೋ ಅಜ್ಜನನ್ನ ನೋಡಬೇಕು.”

ಹೊಳೆದಂಡೆಯ ಮನೆಗಳ ಗೋಡೆಯ ಮೇಲೆ ಎದೆಯೆತ್ತರಕ್ಕೆ ಕಂದು ಗೆರೆ ಇನ್ನೂ ಮಾಸಿರಲಿಲ್ಲ. ನೀರು ಅಲ್ಲಿಯವರೆಗೆ ಬಂದಿತ್ತು. ಮುದುಕರು ನಮ್ಮನ್ನು ಅನುಮಾನದಿಂದಲೇ ಒಳಗೆ ಕರೆದರು. ಅತ್ತಿಗೆ ಸೈರನ್ ವಿಷಯ ಎತ್ತಲೇ ಇಲ್ಲ.

“ಅಜ್ಜಾ, ಊರಗನ್ನಡಿ ಪತ್ರಿಕೆ ಹೇಗೆ? ನಂಬಬಹುದಾ?”

“ಅದಾ? ಒಳ್ಳೆ ಪತ್ರಿಕೆ ತಾಯಿ! ನಮ್ಮಪ್ಪನ ಕಾಲದಿಂದ ಬರ್ತಾ ಇದೆ. ಐದು ಹಾಕ್ಕೊಳ್ಳಿ.”

“ಆ ಹುಡುಗಿ ಬಂದಾಗಲೂ ಹೀಗೇ ಹೇಳಿದ್ರಾ?”

“ಮತ್ತೆ? ನನ್ನದು ಯಾವಾಗಲೂ ಒಂದೇ ಮಾತು.”

ನಾನು ನಗು ತಡೆದುಕೊಳ್ಳಲು ಕಿಟಕಿಯ ಹೊರಗೆ ನೋಡಿದೆ. ಅತ್ತಿಗೆ ನಗಲಿಲ್ಲ. ಇನ್ನೂ ಕೆಲವು ಮನೆಗಳಿಗೆ ಹೋದರು. ನಾಲ್ಕು ಗಂಟೆ ಹೊಡೆಯುವ ಹೊತ್ತಿಗೆ ನಾವು ಏದುಸಿರು ಬಿಡುತ್ತ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೆವು.

ಸಭೆಯ ಕೋಣೆಯಲ್ಲಿ ಉದ್ದ ಮೇಜು. ಒಂದು ತುದಿಗೆ ನಿರ್ದೇಶಕರು, ಅವರ ಮುಂದೆ ಟೈಪ್ ಮಾಡಿಟ್ಟ ವಜಾ ಆದೇಶ. ಸಹಿ ಒಂದೇ ಬಾಕಿ. ಪಕ್ಕದಲ್ಲಿ ತಣ್ಣಗಾದ ಟೀ ಇಟ್ಟುಕೊಂಡು ಸಿಡುಕುಮುಖದ ಮೇಷ್ಟ್ರು. ಎದುರಿಗೆ ಮೇಲ್ವಿಚಾರಕ. ಪೆನ್ಸಿಲ್ ಕೂರದೆ ಗೋಡೆಗೆ ಅಂಟಿ ನಿಂತಿದ್ದಳು.

“ಬೇಗ ಮುಗಿಸೋಣ,” ಎಂದರು ನಿರ್ದೇಶಕರು. “ಹೊರಗಿನವರಾಗಿ ನೀವೇನಾದ್ರೂ ಕೇಳೋದಿದೆಯಾ, ಅಮ್ಮ?”

“ಒಂದೇ ಪ್ರಶ್ನೆ. ನಿಮ್ಮ ಸರ್ವೆಯದೇ.” ಅತ್ತಿಗೆ ಮೇಲ್ವಿಚಾರಕನ ಕಡೆ ತಿರುಗಿದರು. “ಊರಗನ್ನಡಿ ಪತ್ರಿಕೆಯನ್ನ ಎಷ್ಟು ನಂಬ್ತೀಯಪ್ಪ? ಒಂದರಿಂದ ಐದು.”

ಅವನು ಗಂಭೀರವಾಗಿ ಯೋಚಿಸಿದ. “ನಾಲ್ಕು ಕೊಡಬಹುದು, ಮೇಡಂ. ಅದರ ಕ್ರೀಡಾಪುಟ ಚೆನ್ನಾಗಿರುತ್ತೆ.”

ಮೇಷ್ಟ್ರು ಟೀ ಉಗುಳಿಬಿಟ್ಟರು. ನಿರ್ದೇಶಕರು ನಗಲಿಲ್ಲ.

“ನೀನಮ್ಮ?”

“ನಾನು ಓದಿಲ್ಲ,” ಎಂದಳು ಪೆನ್ಸಿಲ್. “ಆದ್ರೆ ಕೇಳಿದ ಕಡೆಯೆಲ್ಲ ಒಬ್ಬಿಬ್ಬರು ಒಳ್ಳೆ ಪತ್ರಿಕೆ ಅಂತಿದ್ರು. ಮೂರು ಅನ್ನಬಹುದೇನೋ.”

“ಕೇಳಿದ್ರಲ್ಲ?” ಅತ್ತಿಗೆ ಟ್ಯಾಬನ್ನು ಮೇಜಿನ ಮಧ್ಯಕ್ಕೆ ಸರಿಸಿದರು. “ಇವರಿಬ್ಬರಿಗೂ ಈ ಪತ್ರಿಕೆ ಇಲ್ಲ ಅನ್ನೋದು ಗೊತ್ತಿಲ್ಲ. ಇದರಲ್ಲಿ ಬಜಾರಿನ ಬೀದಿಯ ಉತ್ತರ ಇದೆ – ಏಳೆಂಟು ಜನ ಊರಗನ್ನಡಿಯನ್ನ ನಂಬ್ತಾರೆ. ಹೊಳೆದಂಡೆಯದೂ ಇದೆ. ಅರವತ್ತು ಚಿಲ್ಲರೆ ಮನೆಯಲ್ಲಿ ಎಷ್ಟು ಜನ ನಂಬಿದ್ದಾರೆ ಗೊತ್ತಾ, ಮೇಷ್ಟ್ರೇ?”

“ಎಂಟಕ್ಕೊಬ್ಬರು. ಒಂದೆರಡು ಆಚೀಚೆ.”

“ಒಬ್ಬರೂ ಇಲ್ಲ. ಎಲ್ಲರೂ ‘ಕೇಳಿಲ್ಲ’ ಅಂದಿದ್ದಾರೆ.”

ಮೇಷ್ಟ್ರು ನೆಟ್ಟಗೆ ಕೂತರು. “ಸಾಧ್ಯಾನೇ ಇಲ್ಲ. ತೋರಿಸಿ. ಆ ಉತ್ತರಗಳು ನನ್ನ ಕೈಗೆ ಬರೋದೇ ಇಲ್ವಲ್ಲ!”

“ಹೊಳೆದಂಡೆಯ ಅಜ್ಜ ಇವತ್ತು ಮಧ್ಯಾಹ್ನ ನನಗೆ ಐದು ಅಂದ್ರು. ಈ ಹುಡುಗಿಗೂ ಐದು ಅಂದಿದ್ರಂತೆ. ಟ್ಯಾಬಲ್ಲಿ ‘ಕೇಳಿಲ್ಲ’ ಅಂತಿದೆ. ಇವಳು ಮನೆಯಲ್ಲಿ ಕೂತು ತುಂಬಿದ್ರೆ ಊರಗನ್ನಡಿಗೂ ಎರಡು, ಮೂರು, ನಾಲ್ಕು ಅಂತ ಬೇರೆ ಪತ್ರಿಕೆಗಳ ಹಾಗೇ ಹಾಕ್ತಿದ್ದಳು. ಇದು ಬಲೆ ಅಂತ ಗೊತ್ತಿದ್ದವರು ಮಾತ್ರ ಅರವತ್ತು ಸಲವೂ ಅದನ್ನ ದಾಟಿಕೊಂಡು ಹೋಗ್ತಾರೆ. ಗೊತ್ತಿದ್ದವರು ಮೂವರು. ಮೂವರೂ ಇಲ್ಲೇ ಇದ್ದಾರೆ.”

ಆ ಮೂವರಲ್ಲಿ ನಾನೂ ಒಬ್ಬ. ನಿರಪರಾಧಿಯೆಂದು ಗೊತ್ತಿದ್ದರೂ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡೆ.

“ನನ್ನ ಮೈದುನ ಭಾನುವಾರ ನಮ್ಮನೆಯಲ್ಲಿ ನರಳ್ತಾ ಬಿದ್ದಿದ್ದ. ಮೇಷ್ಟ್ರು? ಅವರು ಸುಳ್ಳು ತುಂಬಿದ್ರೆ ಎಂಟಕ್ಕೊಬ್ಬರನ್ನ ತಪ್ಪದೆ ಬಲೆಗೆ ಕೆಡವ್ತಿದ್ರು. ಜನ ಹೇಗಿರ್ತಾರೆ ಅಂತ ಅವರಿಗೆ ಗೊತ್ತು. ಇದನ್ನ ತುಂಬಿದವರು ಬೇರೆ ಥರ. ಒಳ್ಳೆ ಜನ ಅಂದ್ರೆ ಒಬ್ಬರೂ ತಪ್ಪೋದಿಲ್ಲ ಅಂತ ನಂಬಿರೋರು. ಬಲೆಗೆ ಬಿದ್ದ ಸಂದರ್ಶನ ಕಸದಬುಟ್ಟಿಗೆ ಅನ್ನೋ ನಿಯಮ ಮಾಡಿದೋರು. ತಾವು ಕಷ್ಟಪಟ್ಟು ತುಂಬಿದ ಒಂದು ಸಂದರ್ಶನವೂ ಹಾಳಾಗಬಾರದು ಅಂತ ಪ್ರತಿ ಸಲವೂ ‘ಕೇಳಿಲ್ಲ’ ಒತ್ತಿದೋರು.”

“ಇದೆಲ್ಲ ಊಹೆ,” ಎಂದರು ನಿರ್ದೇಶಕರು. ಧ್ವನಿ ಸ್ಥಿರವಾಗಿಯೇ ಇತ್ತು. “ಸಾಕ್ಷಿ ಎಲ್ಲಿದೆ?”

“ನೀವೇ ಹೇಳಿ. ಬಲೆಗೆ ಬಿದ್ದವರನ್ನ ತೆಗೆದುಹಾಕೋದು ಯಾರು?”

“ನಾನು.”

“ಬೇರೆ ಯಾರೂ ಆ ಉತ್ತರ ನೋಡಲ್ಲ?”

“ಇಲ್ಲ.”

“ಹೊಳೆದಂಡೆಯಲ್ಲಿ ಎಷ್ಟು ಜನರನ್ನ ತೆಗೆದ್ರಿ?”

ಅವರು ಪೆನ್ನಿಗೆ ಮುಚ್ಚಳ ಹಾಕಿದರು.

“ಒಬ್ಬರನ್ನೂ ತೆಗೀಲಿಲ್ಲ. ಊರೆಲ್ಲ ಬೀಳೋ ಬಲೆಗೆ ಒಂದು ಬಡಾವಣೆಯಲ್ಲಿ ಒಬ್ಬರೂ ಬೀಳಲಿಲ್ಲ. ಅದನ್ನ ನೋಡಿದ್ದು ನೀವೊಬ್ಬರೇ. ಇಷ್ಟು ವರ್ಷದಲ್ಲಿ ಹೀಗೆ ಆಗಿದ್ದುಂಟಾ? ಇವತ್ತು ಬೆಳಗ್ಗೆ ಈ ಉತ್ತರ ಸುಳ್ಳು ಅಂತ ನನ್ನ ಮೈದುನ ಬಂದು ಹೇಳಿದಾಗಲೂ ನೀವು ಈ ಮಾತು ಎತ್ತಲಿಲ್ಲ. ಯಾಕೆ?”

ನಿರ್ದೇಶಕರ ಕೈ ವಜಾ ಆದೇಶದ ಮೇಲಿತ್ತು. ನಿಧಾನವಾಗಿ ಅದನ್ನು ಮಡಚಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರು ನಮ್ಮ ಯಾರ ಮುಖವನ್ನೂ ನೋಡದೆ ಮಾತಾಡಿದರು.

“ಜನಕ್ಕೆ ತಮ್ಮ ಮೇಲೆ ನಂಬಿಕೆ ಇಲ್ಲ ಅಂತ ವರದಿ ಬಂದ್ರೆ ಮುಂದಿನ ವರ್ಷದ ಕೆಲಸ ಬೇರೆಯವರಿಗೆ ಕೊಡ್ತೀವಿ ಅಂದ್ರು, ಎಚ್ಚರಿಕೆ ಕೇಂದ್ರದವರು. ಹೊಳೆದಂಡೆಯ ಉತ್ತರ ನೋಡಿದ್ರೆ ಖಂಡಿತ ಕೊಡ್ತಿದ್ರು. ಆ ಕೆಲಸ ಹೋದ್ರೆ ಆಫೀಸು ಹಳ್ಳ ಹಿಡಿಯುತ್ತೆ. ನಿಮ್ಮೆಲ್ಲರ ಕೆಲಸ ಉಳಿಸೋಕೆ...”

“ಎಲ್ಲರದ್ದಾ, ಸರ್?”

ಕೇಳಿದವಳು ಪೆನ್ಸಿಲ್. ಅವಳು ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದಿದ್ದಳು. “ಆ ಎಲ್ಲರಲ್ಲಿ ನಾನಿರಲಿಲ್ಲ. ಹೊಳೆದಂಡೆಯವರೂ ಇರಲಿಲ್ಲ. ಅವರ ಗೋಡೆ ನೋಡಿದ್ದೀರಾ ನೀವು?”

ಅವರು ನೋಡಿರಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದರು. ಮಾರನೆಯ ಬೆಳಗ್ಗೆ ಆಡಳಿತ ಮಂಡಳಿಗೆ ಅವರ ರಾಜೀನಾಮೆ ಬಂತು. ಮೇಷ್ಟ್ರು ಗೊಣಗುತ್ತಲೇ ಅವರ ಕುರ್ಚಿಯಲ್ಲಿ ಕೂತು, ಹೊಳೆದಂಡೆಯನ್ನು ಮತ್ತೆ ಮೊದಲಿನಿಂದ ಕೇಳಿಸಿ, ಬಂದ ಉತ್ತರ ಎಂಥದೇ ಇರಲಿ ವರದಿಯ ಮೊದಲ ಪುಟಕ್ಕೇ ಹಾಕಿ ಎಂದರು. ಎಚ್ಚರಿಕೆ ಕೇಂದ್ರ ಕೆಲಸ ಕಿತ್ತುಕೊಂಡರೂ ಕಿತ್ತುಕೊಳ್ಳಲಿ ಎಂದರು.

“ಒಂದು ಕೇಳಲಾ, ಮೈದುನ?” ವಿಚಾರಣೆಯ ದಿನ ಸಂಜೆ ಮನೆಗೆ ಹೋಗುವಾಗ ಅತ್ತಿಗೆ ಕೇಳಿದರು. “ನಿನ್ನೆ ಯಾರಾದ್ರೂ ನಿಮ್ಮ ನಿರ್ದೇಶಕರನ್ನ ಎಷ್ಟು ನಂಬ್ತೀಯ ಅಂತ ಕೇಳಿದ್ರೆ ಏನಂತಿದ್ದೆ?”

“ಐದು,” ಎಂದೆ. ನನಗೆ ಅಳು ಬಂತು. ಅವರು ಕೈಚೀಲದಿಂದ ಇನ್ನೊಂದು ಕಿತ್ತಳೆ ತೆಗೆದು ಕೊಟ್ಟರು.

ಹೊಸ ಪ್ರಶ್ನಾವಳಿಯ ಕೊನೆಗೆ ನಾನೊಂದು ಪ್ರಶ್ನೆ ಸೇರಿಸಿದೆ. ಅದನ್ನು ಕೇಳುವುದನ್ನು ನೋಡಬೇಕೆಂದು ಪೆನ್ಸಿಲ್ ಜೊತೆ ನಾನೂ ಮುದುಕರ ಮನೆಗೆ ಹೋದೆ. ಎಚ್ಚರಿಕೆ ಕೇಂದ್ರಕ್ಕೆ ಅವರು ಒಂದು ಎಂದರು. ನರ್ಸಿಗೆ ಐದು. ಊರಗನ್ನಡಿಗೂ ಐದು, ಪೆನ್ಸಿಲ್ ಈ ಸಲ ತುಟಿ ಕಚ್ಚಿಕೊಂಡು ಒತ್ತಿದಳು. ಕೊನೆಯ ಪ್ರಶ್ನೆ ಬಂತು.

“ಅಜ್ಜಾ, ನಮ್ಮ ಸರ್ವೆ ಕಚೇರಿಯನ್ನ ಎಷ್ಟು ನಂಬ್ತೀರಾ?”

ಮುದುಕರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ನಿಮ್ಮ ಆಫೀಸನ್ನಾ? ಒಂದು. ನಾನು ಹೇಳಿದ್ದನ್ನೇ ತಿರುಗಿಸಿ ಬರೆದೋರು ನೀವು.” ಆಮೇಲೆ ಪೆನ್ಸಿಲ್ ಕಡೆ ಕೈ ತೋರಿಸಿದರು. “ಈ ಮಗೂನ ಕೇಳಿದ್ರೆ ಐದು.”

ಅವಳ ಬೆರಳು ಪರದೆಯ ಮೇಲೆ ನಿಂತಿತು. ಕಚೇರಿಗೆ ಒಂದು ಚೌಕವಿತ್ತು. ಅವಳಿಗೆಂದು ಚೌಕ ಇರಲಿಲ್ಲ. ಅದನ್ನು ಬರೆಯುವುದು ನನಗೆ ಹೊಳೆದಿರಲೇ ಇಲ್ಲ.

“ಸರ್, ಯಾವುದು ಒತ್ತಲಿ?”

“ಕೇಳಿದ್ದು ಕಚೇರಿಯನ್ನಲ್ವಾ?” ಎಂದೆ. “ಅವರು ಹೇಳಿದ್ದನ್ನೇ ಒತ್ತಮ್ಮ.”

ಅವಳು ಒಂದನ್ನು ಒತ್ತಿದಳು.